ಪೆಟ್ಟು ತಿಂದವನ ಪತ್ರ

ಚಂದ್ರಕಾಂತನನ್ನು ಮೊದಲು ಹೊಡೆದವನು ನಾನು. ಇದನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೇರೆಯವರ ಮೇಲೆ ಹರಿಹಾಯುವುದು ಬಹಳ ಇದೆ, ಆಗ ಯಾರೂ ನನ್ನ ಕೈ ಶುದ್ಧ ಎಂದು ತಿಳಿಯಬಾರದು.

ಮೈಸೂರಿನ ಹಾಸ್ಟೆಲಿನಲ್ಲಿ ನಾನು ಮೆಸ್ ಸೆಕ್ರೆಟರಿ, ಅವನು ತತ್ವಶಾಸ್ತ್ರದ ಎಂ.ಎ. ವಿದ್ಯಾರ್ಥಿ. ಒಂದು ಭಾನುವಾರ ಊಟದ ಹೊತ್ತಿನಲ್ಲಿ ಎದ್ದು ನಿಂತು, ಸಾಂಬಾರಿನಲ್ಲಿ ಬೇಳೆ ಯಾಕಿಲ್ಲ ಎಂದು ಶುರು ಮಾಡಿದ. ಒಂದರ ಹಿಂದೊಂದು ಪ್ರಶ್ನೆ ಕೇಳಿ, ಬೇಳೆ ಕದ್ದವನು ನಾನೇ ಎಂದು ನನ್ನ ಬಾಯಿಂದಲೇ ಹೊರಡಿಸಿದ. ನಾನು ಕಳ್ಳನಲ್ಲ, ದಡ್ಡನಾಗಿದ್ದೆ, ಅಷ್ಟೆ. ಬೇಳೆ ಮನೆಗೆ ಹೊರುತ್ತಿದ್ದವನು ಅಡುಗೆಯವನು. ಆದರೆ ನೂರು ಜನ ಒಟ್ಟಿಗೆ ನಕ್ಕರು. ಕೈಯಲ್ಲಿದ್ದ ಸ್ಟೀಲ್ ತಟ್ಟೆಯನ್ನು ಅವನ ಮುಖಕ್ಕೆ ಬೀಸಿದೆ. ಮುಂದಿನ ಹಲ್ಲು ಅರ್ಧ ಮುರಿದು ಅವನ ಅನ್ನದ ಮೇಲೇ ಬಿತ್ತು. ಬಿದ್ದವನನ್ನು ಇನ್ನೆರಡು ಸಲ ಒದ್ದೆ ಎಂದು ಚಿಕ್ಕಣ್ಣ ಆಮೇಲೆ ಹೇಳಿದ. ನನಗೆ ನೆನಪಿಲ್ಲ.

ಮೂರನೆಯ ದಿನ ನನ್ನ ಕೋಣೆಯ ಬಾಗಿಲ ಸಂದಿಯಲ್ಲಿ ಒಂದು ಪತ್ರ ತೂರಿಬಂತು. "ಪ್ರೀತಿಯ ಜಯರಾಮ, ನಿನಗೆ ಎರಡು ದಿನದಿಂದ ಹೊಟ್ಟೆ ಸರಿಯಿಲ್ಲವೆಂದು ಚಿಕ್ಕಣ್ಣ ಹೇಳಿದ. ಓಮದ ನೀರು ಕುಡಿ. ನಿನ್ನ ಸಂಖ್ಯಾಶಾಸ್ತ್ರದ ಪುಸ್ತಕವನ್ನು ನನಗೆ ಯಾರಾದರೂ ಬಿಡಿಸಿ ಹೇಳಿದರೆ ಬಹಳ ಉಪಕಾರವಾಗುತ್ತದೆ. ಸಂಜೆ ಬಿಡುವಿದ್ದರೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಸಿಗು." ಹಲ್ಲಿನ ಮಾತು ಒಂದಕ್ಷರ ಇರಲಿಲ್ಲ. ನಾನು ಚಿಲಕ ಹಾಕಿಕೊಂಡು ಅತ್ತೆ. ನಾಚಿಕೆಯಿಂದ ಅತ್ತೆ ಎನ್ನುವುದಕ್ಕಿಂತ, ಅಷ್ಟು ಸುಲಭವಾಗಿ ಬಚಾವಾದೆನಲ್ಲ ಎಂದು ಅತ್ತೆ.

ಅದೇ ನಮ್ಮ ನಾಲ್ವರಲ್ಲಿ ನಿಯಮವಾಯಿತು. ನಾಲ್ವರೆಂದರೆ ಅವನು, ನಾನು, ಈಗ ಹುಣಸೂರಿನಲ್ಲಿ ಹೆಡ್‌ಮಾಸ್ಟರಾಗಿರುವ ಚಿಕ್ಕಣ್ಣ, ಶಿವಮೊಗ್ಗದಲ್ಲಿ ಬ್ಯಾಂಕಿನಲ್ಲಿರುವ ಜಯಶೀಲಾ. ಜಗಳವಾದರೆ ಪೆಟ್ಟು ತಿಂದವನು ಮೊದಲು ಬರೆಯಬೇಕು, ಮೂರು ದಿನದೊಳಗೆ ಬರೆಯಬೇಕು, ಪತ್ರದಲ್ಲಿ ಪೆಟ್ಟಿನ ಸುದ್ದಿ ಬರಕೂಡದು. ಹೊಡೆದವನಿಗೆ ತಾನು ಹೊಡೆದದ್ದು ಗೊತ್ತೇ ಇರುತ್ತದೆ, ಅದನ್ನು ಮತ್ತೆ ಅವನ ಮುಂದೆ ಹಿಡಿದರೆ ಅವನು ಅದನ್ನು ಸಮರ್ಥಿಸಿಕೊಳ್ಳಲು ಶುರುಮಾಡುತ್ತಾನೆ ಎನ್ನುವುದು ಚಂದ್ರಕಾಂತನ ವಾದ. ಇಪ್ಪತ್ತೈದು ವರ್ಷ ನಾವು ಜಗಳವಾಡಿದ್ದು ಕಡಿಮೆಯೇನಲ್ಲ. ನಿಯಮ ಒಮ್ಮೆಯೂ ತಪ್ಪಲಿಲ್ಲ.

ಅವನು ಪುಸ್ತಕ ಬರೆಯಲಿಲ್ಲ. ಮಂಡ್ಯದ ಕಾಲೇಜಿನಲ್ಲಿ ಹದಿನೇಳು ವರ್ಷ ತರ್ಕಶಾಸ್ತ್ರ ಹೇಳಿಕೊಟ್ಟ. ಆ ವಿಷಯಕ್ಕೆ ಸೇರುವವರೇ ಇಲ್ಲವಾದ ವರ್ಷ ಕೆಲಸ ಬಿಟ್ಟು, ಗಾಲ್ವೇಯ ಆಸ್ಪತ್ರೆಗೆ ಎದೆರೋಗದ ಡಾಕ್ಟರಾಗಿ ಬಂದ ಹೆಂಡತಿ ವನಜಾಳ ಹಿಂದೆ ಐರ್ಲೆಂಡಿಗೆ ಬಂದ. ಇಲ್ಲಿ ಯಾರಿಗೆ ಬೇಕು ಮಂಡ್ಯದ ತರ್ಕ? ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್ ತಯಾರಿಸುವ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಬಿಳಿ ಗೌನು, ತಲೆಗೆ ಟೋಪಿ, ಎಂಟು ಗಂಟೆ ಮೈಕ್ರೋಸ್ಕೋಪಿನ ಕೆಳಗೆ ತಂತಿಯ ಕೊಳವೆಗಳಲ್ಲಿ ಬಿರುಕು ಹುಡುಕುವುದು. ಬೇಸರವಾಗುವುದಿಲ್ಲವೇನೋ ಎಂದು ಕೇಳಿದರೆ, "ಪರೀಕ್ಷೆ ಪೇಪರ್ ತಿದ್ದೋದಕ್ಕಿಂತ ವಾಸಿ ಕಣೋ, ಇಲ್ಲಿ ತಪ್ಪು ಸಿಕ್ಕಿದ್ರೆ ಒಂದು ಜೀವ ಉಳಿಯುತ್ತೆ" ಎನ್ನುತ್ತಿದ್ದ.

ಅವನ ತತ್ವಶಾಸ್ತ್ರವೆಲ್ಲ ನಮಗೆ ಬರೆದ ಪತ್ರಗಳಲ್ಲಿತ್ತು. ಡಬ್ಲಿನ್‌ನ ಸ್ಯಾಂಡಿಫರ್ಡ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುವ ನನಗೂ, ಒಂದು ಫೋನಿನ ದೂರದಲ್ಲಿದ್ದರೂ, ಕಾಗದದಲ್ಲೇ ಬರೆಯುತ್ತಿದ್ದ. ಮೊದಲ ಪುಟ ಪೂರ್ತಿ ನಮ್ಮ ದೇಹ: ನನ್ನ ಹೊಟ್ಟೆ, ಚಿಕ್ಕಣ್ಣನ ಮಂಡಿ, ಜಯಶೀಲಾಳ ತಲೆನೋವು. ಎರಡನೆಯ ಪುಟದಲ್ಲಿ ವಿಚಾರ. "ಸಿಟ್ಟು ಬಂದಾಗ ನಮಗೆ ಎದುರಿನ ಮನುಷ್ಯ ಕಾಣುವುದಿಲ್ಲ, ಅವನ ಒಂದು ಕೈ ಮಾತ್ರ ಕಾಣುತ್ತದೆ. ಉಳಿದ ಮನುಷ್ಯನನ್ನು ಸಿಟ್ಟಾದವನಿಗೆ ನೆನಪಿಸುವುದು ಯಾರಾದರೂ ಒಬ್ಬರು ಮಾಡಬೇಕಾದ ಕೆಲಸ" ಎಂದು ಒಮ್ಮೆ ಬರೆದಿದ್ದ. ಆಫೀಸಿನಲ್ಲಿ ಯಾರ ಮೇಲಾದರೂ ಉರಿದುಕೊಂಡ ದಿನ ನಾನು ಆ ಸಾಲನ್ನು ಓದಿಕೊಳ್ಳುತ್ತಿದ್ದೆ. ಉರಿ ಕಡಿಮೆಯಾಗುತ್ತಿತ್ತು ಎಂದು ಸುಳ್ಳು ಹೇಳುವುದಿಲ್ಲ.

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು, ಮಧ್ಯಾಹ್ನ ಮೂರೂವರೆ. ಶಿಫ್ಟ್ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದ. ಕುಡಿದಿದ್ದ ಇಬ್ಬರು ಬಂದರು. ಒಬ್ಬ, ಡೆಕ್ಲನ್ ಎಂಬ ಮೂವತ್ತರ ಗಂಡಸು, ನಿನ್ನ ಮನೆಗೆ ಹೋಗು ಎಂದ. ಯಾವ ಮನೆಗೆ ಎಂದು ಚಂದ್ರಕಾಂತ ಕೇಳಿದನಂತೆ. ಅವನು ಹಾಗೆಯೇ, ಪ್ರಶ್ನೆಯನ್ನು ಪ್ರಶ್ನೆಯೆಂದೇ ತೆಗೆದುಕೊಳ್ಳುವ ರೋಗ. ಡೆಕ್ಲನ್ ಅವನ ಕೂದಲು ಹಿಡಿದು ಸ್ಟಾಪಿನ ಗಾಜಿಗೆ ಮುಖ ಅಪ್ಪಳಿಸಿದ. ಮೂರನೆಯ ಸಲಕ್ಕೆ ಗಾಜು ಒಡೆಯಿತು. ಕೆಳಗೆ ಬಿದ್ದವನ ಪಕ್ಕೆಗೆ ಇನ್ನೊಬ್ಬ ಒದ್ದ. ಚಂದ್ರಕಾಂತ ಬಲಗೈ ಊರಿ ಏಳಲು ಹೋದಾಗ ಡೆಕ್ಲನ್ ಆ ಕೈಯ ಮೇಲೆ ಬೂಟಿನ ಹಿಮ್ಮಡಿ ಇಟ್ಟು ತಿರುಚಿದ. ಬಂದ ಬಸ್ಸನ್ನು ನಡುರಸ್ತೆಯಲ್ಲೇ ನಿಲ್ಲಿಸಿ, ಡ್ರೈವರ್ ಹೆಂಗಸು ಇಳಿದು ಬಂದು ಇವನ ಮೇಲೆ ಅಡ್ಡ ನಿಂತಳು. ಐದಡಿಯೂ ಇರಲಿಲ್ಲವಂತೆ ಆಕೆ. ಅವಳಿಲ್ಲದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಬಲಗೈಯ ಮೂರು ಬೆರಳು, ಎಡಗಣ್ಣಿನ ಕೆಳಗಿನ ಮೂಳೆ, ಎರಡು ಪಕ್ಕೆಲುಬು. ನಾನು ಡಬ್ಲಿನ್ನಿನಿಂದ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಹೋದಾಗ ಅವನ ಮುಖ ಬದನೆಕಾಯಿಯ ಹಾಗೆ ಊದಿತ್ತು. "ಗ್ರಾಂಡ್ ಆಗಿದೀನಿ ಕಣೋ" ಎಂದ, ಚೆನ್ನಾಗಿದ್ದೇನೆ ಎನ್ನಲು ಇಲ್ಲಿನವರು ಆಡುವ ಮಾತು ಅದು. ಬಾಯಿಯ ಒಂದು ಬದಿ ಮಾತ್ರ ಆಡುತ್ತಿತ್ತು. ವನಜಾ ಅವನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು. ಆ ಬೆರಳುಗಳು ಇನ್ನು ಮಡಚುವುದಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು.

ಮಾರನೆಯ ದಿನವೇ ಡೆಕ್ಲನ್‌ನನ್ನು ಹಿಡಿದು ಕೋರ್ಟಿಗೆ ತಂದು ಜಾಮೀನಿನ ಮೇಲೆ ಬಿಟ್ಟರು. ಇನ್ನೊಬ್ಬ ಸಿಗಲೇ ಇಲ್ಲ. ಹೆಸರು, ಬೀದಿ ಎಲ್ಲ ಊರಿನ ಪತ್ರಿಕೆಯಲ್ಲಿ ಬಂತು. ಉಬ್ಬಸದ ತಾಯಿಯನ್ನು ನೋಡಿಕೊಳ್ಳುವವನು ಇವನೊಬ್ಬನೇ ಎಂದು ಅವನ ವಕೀಲ ಹೇಳಿದ್ದೂ ಬಂತು. ನನಗೆ ಆ ಬೀದಿಯ ಹೆಸರು ಸಾಕಾಗಿತ್ತು. ಕಾರಿನಲ್ಲಿ ಜಾಕ್ ತಿರುಗಿಸುವ ಕಬ್ಬಿಣದ ರಾಡ್ ಇತ್ತು. ಅವನ ಮನೆಯೆದುರು ಕಾರು ನಿಲ್ಲಿಸಿಕೊಂಡು, ತೊಡೆಯ ಮೇಲೆ ರಾಡ್ ಇಟ್ಟುಕೊಂಡು ಒಂದು ಗಂಟೆ ಕೂತಿದ್ದೆ. ಯಾವ ಬೆರಳಿನಿಂದ ಶುರು ಮಾಡಬೇಕು ಎಂದು ಕೂಡ ಯೋಚಿಸಿಕೊಂಡಿದ್ದೆ. ಅವನು ಹೊರಗೆ ಬರಲಿಲ್ಲ. ಬಂದಿದ್ದರೆ ನಾನಿಂದು ಜೈಲಿನಲ್ಲಿರುತ್ತಿದ್ದೆ, ಮತ್ತು ಆಗ ನಾವು ಹೆಸರೂ ಕೇಳಿರದ ಶಶಾಂಕ್ ಚೆನ್ನಾಗಿರುತ್ತಿದ್ದ.

ಮೂರನೆಯ ದಿನ ಚಂದ್ರಕಾಂತ ಹಾಸಿಗೆಯಲ್ಲಿ ಎದ್ದು ಕೂತು, "ಜಯ, ಪೇಪರ್ ತಗೋ. ನಾನ್ ಹೇಳ್ತೀನಿ, ನೀನು ಬರಿ" ಎಂದ.

"ಯಾರಿಗೆ?"

"ಆ ಡೆಕ್ಲನ್‌ಗೆ. ಇವತ್ತು ಮೂರನೇ ದಿನ ಅಲ್ವಾ."

ವನಜಾ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ನಿಮ್ಮ ನಿಯಮ ಸ್ನೇಹಿತರ ಮಧ್ಯೆ ರೀ. ಅವನು ನಿಮ್ಮ ಸ್ನೇಹಿತ ಅಲ್ಲ. ಅವನಿಗೆ ನಿಮ್ಮ ಹೆಸರೂ ಗೊತ್ತಿರ್ಲಿಲ್ಲ."

"ಜಯನೂ ಆಗ ಸ್ನೇಹಿತ ಆಗಿರ್ಲಿಲ್ವಲ್ಲ, ವನಜಾ."

ಆ ನಿಯಮದ ಫಲವಾಗಿಯೇ ಆ ಕೋಣೆಯಲ್ಲಿ ನಿಂತಿದ್ದವನು ನಾನು. ಕೇಸ್ ನಡೆಸುತ್ತಿದ್ದ ಗಾರ್ಡಾ ಅಧಿಕಾರಿ, ಅಂದರೆ ಇಲ್ಲಿನ ಪೊಲೀಸಿನವರು, ಅವನ ತಂಟೆಗೆ ಹೋಗಬೇಡಿ ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ಆದರೂ ಹಲ್ಲು ಕಚ್ಚಿಕೊಂಡು ಬರೆದೆ. ನಿಮ್ಮ ತಾಯಿಯ ಉಸಿರಾಟ ಹೇಗಿದೆ, ಈ ಊರಿನ ತೇವ ಎದೆಗೆ ಒಳ್ಳೆಯದಲ್ಲ, ನನ್ನ ಹೆಂಡತಿ ಎದೆರೋಗದ ಡಾಕ್ಟರು, ಏನಾದರೂ ಕೇಳುವುದಿದ್ದರೆ ಸಂಕೋಚ ಬೇಡ, ನಾವೆಲ್ಲ ಚೆನ್ನಾಗಿದ್ದೇವೆ. ಪೆಟ್ಟಿನ ಮಾತು ಒಂದಕ್ಷರ ಇರಲಿಲ್ಲ. ಅವನು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿದವನು ನಾನು. ಹಸಿರು ಅಂಚೆಪೆಟ್ಟಿಗೆಗೆ ಹಾಕಿದವನೂ ನಾನು.

ಡೆಕ್ಲನ್ ಉತ್ತರ ಬರೆಯಲಿಲ್ಲ. ಬರೆದವಳು ಅವನ ತಾಯಿ ನೋರಾ. ನಡುಗುವ ಕೈಬರಹದ ಅರ್ಧ ಪುಟ: ಎದೆ ಹಾಗೇ ಇದೆ, ಮೆಟ್ಟಿಲು ಹತ್ತಲಾಗುತ್ತಿಲ್ಲ, ಮಗ ಕುಡಿಯದಿದ್ದಾಗ ಒಳ್ಳೆಯವನು, ನಿಮ್ಮ ಕೈಗಾಗಿ ದಿನಾ ಪ್ರಾರ್ಥಿಸುತ್ತೇನೆ. ಚಂದ್ರಕಾಂತ ಆ ಕಾಗದವನ್ನು ನಮಗೆಲ್ಲ ಓದಿ ಹೇಳಿದ. ಅಷ್ಟು ಸಂತೋಷವನ್ನು ಅವನ ಮುಖದಲ್ಲಿ ನಾನು ಐರ್ಲೆಂಡಿನಲ್ಲಿ ನೋಡಿರಲಿಲ್ಲ. ಎಡಗೈಯಲ್ಲಿ ಬರೆಯುವುದನ್ನು ಕಲಿತದ್ದೇ ನೋರಾಳಿಗೆ ಉತ್ತರ ಕೊಡಲು. ಹತ್ತು ತಿಂಗಳಲ್ಲಿ ಐದು ಪತ್ರ ಹೋದವು, ನಾಲ್ಕು ಬಂದವು. ನೋರಾಳ ಇನ್‌ಹೇಲರ್, ಅವಳ ಬೆಕ್ಕು, ಅವಳ ಸತ್ತ ಗಂಡ, ಎಲ್ಲ ನನಗೆ ಬಾಯಿಪಾಠವಾಗಿತ್ತು. ಹೊಟ್ಟೆಕಿಚ್ಚಾಗಿತ್ತು ಎಂದರೂ ತಪ್ಪಿಲ್ಲ.

ಡೆಕ್ಲನ್ ತಪ್ಪೊಪ್ಪಿಕೊಂಡ. ಶಿಕ್ಷೆ ಹೇಳುವ ದಿನ, ಹೊಡೆಸಿಕೊಂಡವನು ತನಗಾದದ್ದನ್ನು ಕೋರ್ಟಿನಲ್ಲಿ ಹೇಳಬಹುದು ಎಂಬ ಪದ್ಧತಿ ಇಲ್ಲಿದೆ. ನಾನೂ ವನಜಾಳೂ ಬೇಡಿಕೊಂಡೆವು. ಬೆರಳು ಮಡಚುವುದಿಲ್ಲ ಎಂದು ಹೇಳು, ಮೈಕ್ರೋಸ್ಕೋಪಿನ ಕೆಲಸ ಹೋಯಿತು ಎಂದು ಹೇಳು, ಬಸ್ ಸ್ಟಾಪಿನ ಹತ್ತಿರ ಹೋದರೆ ಬೆವರುತ್ತೀಯ ಎಂದು ಹೇಳು.

"ಅವನು ಒಳಗಡೆ ಹೋಗ್ಬೇಕು ಕಣೋ. ನಿನಗೋಸ್ಕರ ಅಲ್ಲ, ಇನ್ನೊಬ್ಬನಿಗೆ ಹಿಂಗ್ ಮಾಡ್ದೆ ಇರ್ಲಿ ಅಂತ" ಎಂದೆ.

"ಮನೆಗೆ ಬರ್ದಿದ್ದು ಒಂದು, ಕೋರ್ಟಲ್ಲಿ ಹೇಳೋದು ಇನ್ನೊಂದು ಆದ್ರೆ, ಬರ್ದಿದ್ದೆಲ್ಲ ಸುಳ್ಳಾಗುತ್ತೆ, ಜಯ."

ಕೋರ್ಟಿನಲ್ಲಿ ಅವನು ಏನೂ ಹೇಳಲಿಲ್ಲ. ಹೇಳಿದ್ದು ಡೆಕ್ಲನ್‌ನ ವಕೀಲ. ಐದೂ ಪತ್ರಗಳನ್ನು ನೋರಾ ಅವನ ಕೈಗೆ ಕೊಟ್ಟಿದ್ದಳು. ಒಂದೊಂದಾಗಿ ಓದಿದ. ನೋಡಿ, ಪೆಟ್ಟು ತಿಂದವರೇ ಪೆಟ್ಟಿನ ಮಾತೆತ್ತಿಲ್ಲ, ತಾವು ಚೆನ್ನಾಗಿದ್ದೇವೆ ಎಂದು ಕೈಯಾರೆ ಬರೆದಿದ್ದಾರೆ, ಎರಡು ಮನೆಗಳ ನಡುವೆ ಇಂಥ ವಿಶ್ವಾಸ ಬೆಳೆದಿದೆ. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಮೂರು ವರ್ಷದ ಶಿಕ್ಷೆಯನ್ನು ಪೂರ್ತಿ ಅಮಾನತಿನಲ್ಲಿಟ್ಟು, ಅಂದರೆ ಇನ್ನೊಂದು ತಪ್ಪು ಮಾಡಿದರೆ ಮಾತ್ರ ಜೈಲು ಎಂದು ಹೇಳಿ, ಡೆಕ್ಲನ್‌ನನ್ನು ಮನೆಗೆ ಕಳಿಸಿದರು. ನೋರಾ ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಬಂದು ಚಂದ್ರಕಾಂತನನ್ನು ತಬ್ಬಿಕೊಂಡಳು. ನಾನು ಹೊರಗೆ ಹೋಗಿ ಗೋಡೆಗೆ ಗುದ್ದಿದೆ. ಕೈ ಒಂದು ವಾರ ಊದಿತ್ತು.

ನೋರಾ ಎರಡು ತಿಂಗಳಿಗೆ ತೀರಿಕೊಂಡಳು. ಡೆಕ್ಲನ್ ಮತ್ತೆ ಕುಡಿಯತೊಡಗಿದ. ಜೂನ್ ತಿಂಗಳ ಒಂದು ಶನಿವಾರ, ಹಗಲು ಹನ್ನೊಂದು ಗಂಟೆಗೆ, ಶಶಾಂಕ್ ಎಂಬ ಹುಡುಗ ಅಂಗಡಿಯಿಂದ ಹಾಲು ತೆಗೆದುಕೊಂಡು ಹೊರಗೆ ಬಂದ. ನಮ್ಮ ಮೈಸೂರಿನವನೇ, ಮೂವತ್ತೊಂದು ವಯಸ್ಸು, ಚಂದ್ರಕಾಂತನ ಹಳೆಯ ಕಂಪನಿಗೆ ಎಂಜಿನಿಯರಾಗಿ ಬಂದು ಐದು ತಿಂಗಳಾಗಿತ್ತು. ಒಂದು ಮಾತೂ ನಡೆಯಲಿಲ್ಲ. ಡೆಕ್ಲನ್ ಹಿಂದಿನಿಂದ ಬಂದು, ಪಕ್ಕದ ರಿಪೇರಿ ಗುಂಡಿಯಿಂದ ಎತ್ತಿಕೊಂಡ ಕಲ್ಲುಚಪ್ಪಡಿಯನ್ನು ಅವನ ತಲೆಯ ಮೇಲೆ ಎರಡು ಕೈಯಲ್ಲಿ ಹಾಕಿದ. ಬಿದ್ದ ಮೇಲೆ ಮತ್ತೊಮ್ಮೆ ಹಾಕಿದ. ಹಾಲಿನ ಡಬ್ಬಿ ಒಡೆದು ರಕ್ತದ ಜೊತೆ ಚರಂಡಿಯವರೆಗೆ ಹರಿದಿತ್ತು ಎಂದು ಅಂಗಡಿಯವಳು ಕೋರ್ಟಿನಲ್ಲಿ ಹೇಳಿದಳು. ಈ ಸಲ ಡೆಕ್ಲನ್‌ನನ್ನು ಜಾಮೀನಿಲ್ಲದೆ ಒಳಗೆ ಹಾಕಿದರು. ಮುಂದೆ ಎಂಟು ವರ್ಷ ಕೊಟ್ಟರು. ಯಾರಿಗೆ ಪ್ರಯೋಜನ?

ಸುದ್ದಿ ಕೇಳಿದ ದಿನವೇ ಗಾಲ್ವೇಗೆ ಹೋದೆ. ಚಂದ್ರಕಾಂತ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದ. ನಾನು ಇಡೀ ದಾರಿ ಏನೇನೋ ವಾದ ಕಟ್ಟಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು ಅವನ ಕೆನ್ನೆಗೆ ಬಾರಿಸಿದೆ. ಮುರಿದು ಕೂಡಿದ ಮೂಳೆಯ ಬದಿ ಎಂದು ಗೊತ್ತಿದ್ದೇ ಬಾರಿಸಿದೆ. ಕುರ್ಚಿ ಸಮೇತ ಗೋಡೆಗೆ ಬಿದ್ದ. ವನಜಾ ಬಾಗಿಲಲ್ಲೇ ಇದ್ದಳು, ನನ್ನನ್ನು ತಡೆಯಲಿಲ್ಲ, ಅವನನ್ನು ಎತ್ತಲೂ ಇಲ್ಲ.

"ಇನ್ನೊಂದ್ ಹೊಡಿ" ಎಂದ ಅವನು.

ನಾನು ಹೊಡೆಯಲಿಲ್ಲ. ನನ್ನ ಪಾಲಿನದನ್ನು ಯಾರು ಹೊಡೆಯಬೇಕು? ಆ ಪತ್ರಕ್ಕೆ ಇಂಗ್ಲಿಷ್ ಕೊಟ್ಟವನು ನಾನು, ಅಂಟು ಹಚ್ಚಿದವನು ನಾನು. ಡಬ್ಲಿನ್ನಿಗೆ ವಾಪಸಾಗಿ ಮೂರು ದಿನ ಕಾದೆ. ನಾಲ್ಕನೆಯ ದಿನವೂ ನೋಡಿದೆ. ಬಾಗಿಲ ಹತ್ತಿರ ಕರೆಂಟ್ ಬಿಲ್ಲು ಮಾತ್ರ ಬಿದ್ದಿತ್ತು. ಚಿಕ್ಕಣ್ಣನಿಗೂ ಜಯಶೀಲಾಳಿಗೂ ಪತ್ರ ನಿಂತುಹೋಯಿತು. ನನ್ನ ಹೊಟ್ಟೆ ಹೇಗಿದೆ ಎಂದು ಕೇಳುವವರು ಇವತ್ತಿಗೂ ಯಾರೂ ಇಲ್ಲ, ಅದು ನನಗೆ ಬಹಳ ಕಷ್ಟವಾಗುತ್ತದೆ.

ಆಮೇಲೆ ಅವನು ಬರೆದದ್ದು ಒಂದೇ ಪತ್ರ, ಶಶಾಂಕನ ಹೆಂಡತಿ ಸಿಂಧುವಿಗೆ. ಅದನ್ನು ಅಂಚೆಗೆ ಹಾಕಲು ಧೈರ್ಯ ಸಾಲದೆ, ತಾನೇ ಕೊಡುತ್ತೇನೆ, ಜೊತೆಗೆ ಬಾ ಎಂದು ನನಗೆ ಫೋನ್ ಮಾಡಿದ. ಶಶಾಂಕ್ ಆರು ತಿಂಗಳು ಆಸ್ಪತ್ರೆಯಲ್ಲಿದ್ದು ಆಗತಾನೇ ಮನೆಗೆ ಬಂದಿದ್ದ. ನಡೆಯುತ್ತಿದ್ದ, ತಿನ್ನುತ್ತಿದ್ದ. ಮಾತು ಒಂದೊಂದು ಪದ, ಅದೂ ಅಪರೂಪಕ್ಕೆ. ಹೆಸರುಗಳು ಅಳಿಸಿಹೋಗಿದ್ದವು, ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಯಾರಾದರೂ ಮೈ ಮುಟ್ಟಿದರೆ ಹೊಡೆಯುತ್ತಿದ್ದ. ಸಿಂಧುವಿನ ಕುತ್ತಿಗೆಯ ಮೇಲೆ ಉಗುರಿನ ಗೆರೆಗಳಿದ್ದವು. ಇಪ್ಪತ್ತೆಂಟರ ಹೆಣ್ಣು.

ಚಂದ್ರಕಾಂತ ಲಕೋಟೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ನಿಮ್ ಪತ್ರ ಕೋರ್ಟಲ್ಲಿ ಓದಿದ್ದು ಪೇಪರಲ್ಲಿ ಬಂದಿತ್ತು ಸರ್. ಆಗ ಇವ್ರೇ ನಂಗೆ ತೋರ್ಸಿದ್ರು. ಎಂಥಾ ಮನುಷ್ಯ ನೋಡು, ಒಂದ್ಸಲ ಹೋಗಿ ಮಾತಾಡ್ಸಣ ಅಂದಿದ್ರು." ಅವಳ ದನಿ ಏರಲಿಲ್ಲ. "ನಂಗೆ ಪತ್ರ ಬೇಡ. ಬರಿಯೋದು ನಿಮಗೆ ಸುಲಭ. ಇವ್ರಿಗೆ ಸ್ನಾನ ಮಾಡ್ಸೋಕೆ ನನ್ ಕೈಲಿ ಆಗ್ತಿಲ್ಲ, ಹೊಡೀತಾರೆ. ವಾರಕ್ಕೆರಡು ದಿನ ಬಂದು ಮಾಡ್ಸಿ. ಆಗುತ್ತಾ?"

"ಆಗುತ್ತಮ್ಮ" ಎಂದ ಚಂದ್ರಕಾಂತ.

ಅಂದಿನಿಂದ ಪ್ರತಿ ಮಂಗಳವಾರ, ಪ್ರತಿ ಶನಿವಾರ ಹೋಗುತ್ತಾನೆ. ಎರಡು ಬಸ್ಸು, ಅದೇ ಸ್ಟಾಪು. ಬಲಗೈಯ ಬೆರಳು ಮಡಚದವನು ಎಡಗೈಯಲ್ಲಿ ಚೊಂಬು ಹಿಡಿದು ಒಬ್ಬ ಆರಡಿಯ ಗಂಡಸಿಗೆ ನೀರು ಹಾಕಬೇಕು. ಪ್ರತಿ ಸಲವೂ, ನಾನು ಚಂದ್ರಕಾಂತ ಎಂದು ಹೇಳಿಯೇ ಅವನ ಮೈ ಮುಟ್ಟುತ್ತಾನೆ. ಮೊದಲ ತಿಂಗಳಲ್ಲಿ ಶಶಾಂಕ್ ಅವನ ತೋಳನ್ನು ಮಾಂಸ ಕಾಣುವ ಹಾಗೆ ಕಚ್ಚಿದ. ಚೊಂಬು ಕಿತ್ತುಕೊಂಡು ಹುಬ್ಬಿನ ಮೇಲೆ ಹೊಡೆದ, ನಾಲ್ಕು ಹೊಲಿಗೆ ಬಿತ್ತು. ಒಂದು ಸಲ ಒದ್ದ ಏಟಿಗೆ ಚಂದ್ರಕಾಂತ ಟಬ್ಬಿನ ಅಂಚಿನ ಮೇಲೆ ಬಿದ್ದು, ಹಳೆಯ ಪಕ್ಕೆಲುಬೇ ಮತ್ತೆ ಬಿರಿಯಿತು. ವನಜಾ ಮನೆಯಲ್ಲಿ ಬ್ಯಾಂಡೇಜ್ ಕಟ್ಟುತ್ತಾಳೆ. ಸಾಕು ಬಿಡೋ, ನರ್ಸಿಗೆ ಏರ್ಪಾಡು ಮಾಡೋಣ ಎಂದು ನಾನು ಎಷ್ಟೋ ಸಲ ಹೇಳಿದೆ. "ಅವಳು ನರ್ಸನ್ನ ಕೇಳಿಲ್ಲ" ಎನ್ನುತ್ತಾನೆ.

ಹೋದ ಶನಿವಾರ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಸಿಂಧು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಬಚ್ಚಲಿನಿಂದ ಎಂದಿನಂತೆ ಧಡಧಡ ಸದ್ದು, ನೀರು ಚೆಲ್ಲಿದ ಸದ್ದು, ಮುಷ್ಟಿ ಮೈಗೆ ಬಿದ್ದ ಸದ್ದು. ಆಮೇಲೆ ಶಶಾಂಕನ ದನಿ, ಒಡೆದ ದನಿ, ಆದರೆ ಪೂರ್ತಿ ಸಾಲು.

"ಲೋ ಚಂದ್ರಕಾಂತ, ಕಣ್ಣಿಗೆ ಸೋಪು ಹೋಯ್ತಲ್ಲೋ ಮುಂಡೇಮಗನೇ."

ಸಿಂಧುವಿನ ಕೈಯಿಂದ ಪಾತ್ರೆ ಸಿಂಕಿಗೆ ಬಿತ್ತು. ಅವಳು ಓಡಿ ಬಚ್ಚಲಿನ ಬಾಗಿಲು ತಳ್ಳಿದಳು, ಹಿಂದೆಯೇ ನಾನೂ ಹೋದೆ. ಚಂದ್ರಕಾಂತ ಒದ್ದೆ ನೆಲದ ಮೇಲೆ ಕೂತಿದ್ದ. ತುಟಿ ಒಡೆದು ಗಲ್ಲದವರೆಗೆ ರಕ್ತ ಇಳಿದಿತ್ತು. ನಗುತ್ತಿದ್ದ. "ನನ್ ಹೆಸರು ಹಿಡಿದು ಬೈದ ಕಣಮ್ಮ" ಎಂದ. ಶಶಾಂಕ್ ಕಣ್ಣುಜ್ಜಿಕೊಳ್ಳುತ್ತ ಟಬ್ಬಿನಲ್ಲಿ ಕೂತಿದ್ದ.

ಸಿಂಧು ಗಂಡನ ಮುಖ ನೋಡಿದಳು. "ನಾನ್ಯಾರ್ರೀ?" ಎಂದು ಕೇಳಿದಳು. ಅವನು ಅವಳ ಕಡೆ ನೋಡಿ ಮತ್ತೆ ಕಣ್ಣುಜ್ಜಿಕೊಂಡ. ಮತ್ತೊಮ್ಮೆ ಕೇಳಿದಳು. ಅವನು ನೀರಿನಲ್ಲಿ ಕೈಯಾಡಿಸಿದ.

ನಾನು ಚಂದ್ರಕಾಂತನ ತೋಳು ಹಿಡಿದು ಎಬ್ಬಿಸಲು ಹೋದೆ. ಸಿಂಧು ನನ್ನ ಕೈ ಬಿಡಿಸಿದಳು. ಸೋಪನ್ನು ನೆಲದಿಂದ ಎತ್ತಿ ಚಂದ್ರಕಾಂತನ ಎಡಗೈಯಲ್ಲಿಟ್ಟಳು.

"ಇನ್ನೊಂದ್ಸಲ ಹಚ್ಚಿ ಸರ್" ಎಂದಳು. "ಹೊಡೀಲಿ. ಮಾತಾಡ್ತಾರೇನೋ ನೋಡಣ."

ಅವನು ಗೋಡೆ ಹಿಡಿದು ಎದ್ದು, ಬಾಯಿಯ ರಕ್ತ ಒರೆಸಿಕೊಂಡು, ಶಶಾಂಕನ ತಲೆಗೆ ಸೋಪು ಹಚ್ಚಿದ. ಮೊದಲ ಗುದ್ದು ದವಡೆಗೆ ಬಿತ್ತು, ಎರಡನೆಯದು ಪಕ್ಕೆಗೆ. ಅವನು ಕೈ ಅಡ್ಡ ತರಲಿಲ್ಲ. ಸಿಂಧು ಟವೆಲ್ ಎದೆಗವಚಿಕೊಂಡು ಬಾಗಿಲಲ್ಲಿ ನಿಂತು, ಗಂಡನ ತುಟಿಗಳನ್ನೇ ನೋಡುತ್ತಿದ್ದಳು.